ಕಂಡದ್ದು ಮಾತ್ರ

ಮನೆ ಮಾಲೀಕರಿಗೆ, ಮಹಡಿಯಲ್ಲಿ ಬಾಡಿಗೆಗಿರುವ ದರ್ಜಿಯ ನಮಸ್ಕಾರ.

ಫೋನಿನಲ್ಲಿ ನೀವು, "ಕಣ್ಣಿಗೆ ಕಂಡದ್ದನ್ನ ಮಾತ್ರ ಬರೀರಿ, ಊಹೆಯೆಲ್ಲ ಬೇಡ" ಅಂದಿರಿ. ಹಾಗೆಯೇ ಬರೆಯುತ್ತಿದ್ದೇನೆ.

ಸೋಮವಾರ ಗೋಡೆಯ ಬಿರುಕು ಮುಗಿಯುವಲ್ಲಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಗೆರೆ ಎಳೆದೆ. ಗುರುವಾರ ಟೇಪು ಹಿಡಿದೆ. ಬಿರುಕು ಗೆರೆ ದಾಟಿ ಮೂರು ಇಂಚು ಹೋಗಿತ್ತು. ಅಡುಗೆಮನೆ ಬಾಗಿಲು ಚೌಕಟ್ಟಿನಲ್ಲಿ ಕೂರುತ್ತಿಲ್ಲ. ನೆಲಕ್ಕೆ ಬಿದ್ದ ದಾರದ ರೀಲು ಆ ಗೋಡೆಯತ್ತಲೇ ಉರುಳುತ್ತದೆ.

ಮನೆ ಬೀಳುತ್ತದೆ ಎಂದು ನಾನು ಹೇಳಿಲ್ಲ. ಹೇಳಿದರೆ ಊಹೆಯಾಗುತ್ತದೆ.

ನೀವು ಕಳಿಸಿದ ಇಂಜಿನಿಯರು ನಿನ್ನೆ ಬಂದು ಬಿರುಕಿಗೆ ಕಿವಿಯಿಟ್ಟರು. "ಏನಿಲ್ಲ ಬಿಡಿ, ಗಾರೆ ಬಿಟ್ಕೊಂಡಿದೆ ಅಷ್ಟೆ" ಎಂದರು. ನಿಮಗೂ ಅದನ್ನೇ ಹೇಳಿರಬೇಕು. ಕ್ಷಮಿಸಿ, ಇದೂ ಊಹೆ.

ಕೆಳಗಿನ ಕೋಣೆಯಲ್ಲಿ ನಿಮ್ಮ ತಾಯಿಯ ಮಂಚ ಇರುವುದು ಅದೇ ಗೋಡೆಗೆ ಒತ್ತಿ. ಎಷ್ಟು ಕರೆದರೂ, "ನನ್ನ ಮಗ ಹೇಳೋ ತನಕ ನಾನು ಕದಲಲ್ಲ ಕಣಪ್ಪ" ಅನ್ನುತ್ತಾರೆ. ಇವತ್ತೇ ಬಂದು ಕರೆದುಕೊಂಡು ಹೋಗಿ.

ಕಂಡದ್ದು ಇನ್ನೊಂದಿದೆ. ಇಂಜಿನಿಯರು ಎರಡೆರಡು ಮೆಟ್ಟಿಲು ಹಾರಿಕೊಂಡು ಬರಿಗಾಲಲ್ಲೇ ಇಳಿದುಹೋದರು. ಅವರ ಹೊಸ ಚಪ್ಪಲಿ ನನ್ನ ಬಾಗಿಲಲ್ಲೇ ಇದೆ. ಬಂದು ತೆಗೆದುಕೊಂಡು ಹೋಗಿ ಎಂದು ಅವರಿಗೆ ಫೋನ್ ಮಾಡಿದೆ. "ಅಲ್ಲೇ ಇರಲಿ ಬಿಡಿ" ಎಂದರು.

ಇಷ್ಟು ಕಂಡವನು,
ಮಹಡಿಯ ದರ್ಜಿ