ಕಂಬಳಿಯಡಿ ಇಟ್ಟ ಬಟ್ಟಲು

ಪೂಸಾನ್, ಬಂದರಿನ ಮೇಲಿನ ಗುಡ್ಡ
೧೯೫೨, ಹಳೇ ಪಂಚಾಂಗದ ಒಂಬತ್ತನೇ ತಿಂಗಳು, ಮೂರನೇ ದಿನ

ಅಕ್ಕಾ,

ನಿಮ್ಮ ತಮ್ಮನ ಹೆಂಡತಿ ಒಕ್ಬುನ್ ನೆಲಕ್ಕೆ ಹಣೆ ಹಚ್ಚಿ ಮಾಡುವ ನಮಸ್ಕಾರ. ದೇಗುವಿನಲ್ಲಿ ನಿಮ್ಮ ಮನೆಯವರೆಲ್ಲ ಕ್ಷೇಮ ಎಂದು ತಿಳಿದು ಸಮಾಧಾನವಾಯಿತು. ಇಲ್ಲಿ ಅತ್ತೆಯ ಕೆಮ್ಮು ಹಾಗೇ ಇದೆ. ಕಣ್ಣು ಇನ್ನೂ ಮಂದವಾಗಿದೆ, ಈಗ ಬೆಳಕು ಕತ್ತಲೆ ಮಾತ್ರ ತಿಳಿಯುತ್ತದೆ. ಬಾಯಿ ಮಾತ್ರ ನೀವು ಕಂಡಷ್ಟೇ ಚುರುಕಾಗಿದೆ.

ನಿಮ್ಮ ಕಾಗದವನ್ನು ಒಣಮೀನು ಮಾರುವ ಹೆಂಗಸು ತಂದು ಕೊಟ್ಟಳು. ಅತ್ತೆಗೆ ಅರ್ಧ ಓದಿ ಹೇಳಿದೆ, ಉಳಿದರ್ಧವನ್ನು ನುಂಗಿಕೊಂಡೆ. "ಇಷ್ಟೇನಾ ಬರ್ದಿರೋದು? ನನ್ನ ಮಗಳು ಇಷ್ಟು ಕಮ್ಮಿ ಮಾತಾಡೋಳಲ್ವಲ್ಲ" ಎಂದರು. ಇಷ್ಟೇ ಎಂದೆ. ನೀವು ಬರೆದ ಉಳಿದ ಮಾತು ನನ್ನ ಕಣ್ಣ ಮುಂದೆಯೇ ಇದೆ. "ನನ್ನ ತಮ್ಮನನ್ನು ಇನ್ನೆಷ್ಟು ಕಾಲ ಹಸಿದ ಪ್ರೇತವಾಗಿ ಅಲೆಸುತ್ತೀಯೆ? ಸತ್ತ ದಿನ ಗೊತ್ತಿಲ್ಲದವರಿಗಾಗಿ ಹಿರಿಯರು ಒಂಬತ್ತನೇ ತಿಂಗಳ ಒಂಬತ್ತನ್ನು ಇಟ್ಟಿದ್ದಾರಲ್ಲ, ಈ ವರ್ಷವಾದರೂ ಅವತ್ತು ಅವನಿಗೆ ಎಡೆ ಇಡು" ಎಂದು ಬರೆದಿದ್ದೀರಿ. ಪ್ರೀತಿಯಿಂದಲೇ ಬರೆದಿದ್ದೀರಿ, ಗೊತ್ತು. ಆದರೆ ದೇಗುವಿನಲ್ಲಿ ಬೆಚ್ಚಗಿನ ನೆಲದ ಮೇಲೆ ಕೂತು ಬರೆಯುವುದು ಸುಲಭ ಅಕ್ಕಾ.

ಸತ್ತವರಿಗೆ ಎಡೆ ಇಡದಿದ್ದರೆ ಅವರು ಹಸಿದಿರುತ್ತಾರೆ. ಬದುಕಿದ್ದವರಿಗೆ ಎಡೆ ಇಟ್ಟರೆ ನಮ್ಮ ಕೈಯಾರೆ ಅವರ ಆಯಸ್ಸು ಕಡಿದಂತೆ. ನನಗೆ ಅತ್ತ ದರಿ, ಇತ್ತ ಪುಲಿ. ನಿಮ್ಮ ತಮ್ಮ ಸತ್ತರೆಂದು ಯಾರೂ ಬಂದು ಹೇಳಿಲ್ಲ. ಬದುಕಿದ್ದಾರೆಂದೂ ಯಾರೂ ಬಂದು ಹೇಳಿಲ್ಲ.

ಅತ್ತೆಗೆ ಈ ಗೊಂದಲವೇ ಇಲ್ಲ. ಊರಿನಿಂದ ತಂದ ಆ ಮುಚ್ಚಳದ ಹಿತ್ತಾಳೆ ಬಟ್ಟಲು ನಿಮಗೆ ನೆನಪಿರಬೇಕು. ಪ್ರತಿ ಸಂಜೆ ಮಾಡಿದ ಅನ್ನದಲ್ಲಿ ಮೊದಲ ಸೌಟು ಅದಕ್ಕೇ. ನಮ್ಮಿಬ್ಬರದು ಬಾರ್ಲಿ ಹೆಚ್ಚು ಅಕ್ಕಿ ಕಡಿಮೆ, ಆ ಬಟ್ಟಲಿಗೆ ಮಾತ್ರ ಅಕ್ಕಿಯನ್ನೇ ಆರಿಸಿ ಹಾಕಬೇಕು. ಊರಲ್ಲಾದರೆ ಹೊರಗೆ ಹೋದವರ ಅನ್ನವನ್ನು ಬಿಸಿನೆಲದ ಮೇಲೆ ಹಾಸಿಗೆಯಡಿ ಇಡುತ್ತಿದ್ದೆವು. ಈ ಹಲಗೆ, ರಟ್ಟಿನ ಗೂಡಿನಲ್ಲಿ ಬಿಸಿನೆಲ ಎಲ್ಲಿಂದ ಬರಬೇಕು? ಒಲೆಯ ಪಕ್ಕ ಕಲ್ಲು ಕಾಯಿಸಿ, ಅದರ ಮೇಲೆ ಬಟ್ಟಲಿಟ್ಟು, ಸೈನ್ಯದ ಹಳೇ ಕಂಬಳಿ ಸುತ್ತುತ್ತೇವೆ. ಪಕ್ಕದಲ್ಲಿ ಚಮಚವನ್ನು ಮಲಗಿಸಿ ಇಡಬೇಕು. ಒಮ್ಮೆ ಅವಸರದಲ್ಲಿ, ಸತ್ತವರ ಎಡೆಗೆ ನಿಲ್ಲಿಸುವಂತೆ ಅದನ್ನು ಅನ್ನದೊಳಗೆ ಸಿಕ್ಕಿಸಿಬಿಟ್ಟಿದ್ದೆ. ಅತ್ತೆ ತಡವಿ ನೋಡಿ, "ಮಂಕೇ, ಚಮಚ ನಿಲ್ಸೋದು ಯಾರಿಗೆ ಅಂತ ಗೊತ್ತಿಲ್ವೇನೇ ನಿಂಗೆ?" ಎಂದು ನನ್ನ ಕೈಗೆ ಬಾರಿಸಿದರು. ಬೆಳಿಗ್ಗೆ ತಣ್ಣಗಾದ ಆ ಅನ್ನವನ್ನು ನಾನು ತಿನ್ನುತ್ತೇನೆ. ಅವರು ಮುಟ್ಟುವುದಿಲ್ಲ.

ನೀವು ಮದುವೆಯಾಗಿ ಮೊದಲೇ ದಕ್ಷಿಣಕ್ಕೆ ಬಂದವರು, ಯುದ್ಧಕ್ಕೆ ಊರು ಬಿಟ್ಟು ಬಂದ ನಮ್ಮ ಆ ಚಳಿಗಾಲದ ನಡಿಗೆಯನ್ನು ನೋಡಲಿಲ್ಲ. ಅತ್ತೆಗೆ ಹಿಮದಲ್ಲಿ ಕಾಲು ಕೀಳಲಾಗುತ್ತಿರಲಿಲ್ಲ. ನಿಮ್ಮ ತಮ್ಮ ಬೆನ್ನಿಗೆ ಸೌದೆ ಹೊರುವ ಎರಡು ಕಾಲಿನ ಮರದ ಚೌಕಟ್ಟು, ಆ ಜಿಗೆಯ ಮೇಲೆ ಅವರನ್ನು ಕೂರಿಸಿ, ಹಗ್ಗದಿಂದ ಬಿಗಿದು, ಬೆನ್ನಿಗೇರಿಸಿದರು. ಜಿಗೆಯ ಮೇಲೆ ಕೂತವರ ಮುಖ ಹಿಂದಕ್ಕಲ್ಲವೇ. ನಾನು ಹಿಂದೆ ನಡೆಯುತ್ತಿದ್ದೆ. ಹೀಗಾಗಿ ಇಡೀ ದಾರಿ ನನಗೆ ಕಂಡದ್ದು ಅತ್ತೆಯ ಮುಖ, ಅದರ ಕೆಳಗೆ ಜಿಗೆಯ ಎರಡು ಕಾಲು, ಅದರ ನಡುವೆ ನಿಮ್ಮ ತಮ್ಮನ ಎರಡು ಕಾಲು. ಇವರ ಮುಖ ಈಗೀಗ ನನಗೆ ಸರಿಯಾಗಿ ನೆನಪಾಗುವುದಿಲ್ಲ ಅಕ್ಕಾ. ಆ ಕಾಲುಗಳನ್ನು ಮಾತ್ರ ಸಾವಿರ ಜನರ ನಡುವೆಯೂ ಗುರುತಿಸಬಲ್ಲೆ.

ದಾರಿಯಲ್ಲಿ ಸಿಕ್ಕವರೆಲ್ಲ ಹೇಳಿದರು, "ಜಿಗೆ ಬಿಸಾಕಯ್ಯಾ, ಮುಂದೆ ಸಿಪಾಯಿಗಳು ಜಿಗೆ ಇರೋ ಗಂಡಸರನ್ನೇ ಹಿಡೀತಿದಾರೆ, ಗುಡ್ಡಕ್ಕೆ ಮದ್ದುಗುಂಡು ಹೊರಿಸೋಕೆ" ಎಂದು. ಇವರು ನಕ್ಕರು. "ಬಿಸಾಕಿದ್ರೆ ಅಮ್ಮನ್ನ ಎಲ್ಲಿ ಕೂರಿಸ್ಲಿ, ನಿನ್ನ ತಲೆ ಮೇಲಾ?" ಬೇರೆ ಗಂಡಸರ ಜಿಗೆಗಳು ದಾರಿಯುದ್ದಕ್ಕೂ ಹಿಮದಲ್ಲಿ ಬಿದ್ದಿದ್ದವು. ಕಡೆಗೆ ನಮ್ಮನ್ನು ತಡೆದ ಸಿಪಾಯಿಗಳು ಒಳ್ಳೆಯವರೇ. "ಅಜ್ಜಿ, ನಿಧಾನಕ್ಕೆ ಇಳೀರಿ" ಎಂದು ಅತ್ತೆಯ ಕೈ ಹಿಡಿದು ಇಳಿಸಿದರು. ಆಮೇಲೆ ಜಿಗೆಯನ್ನೂ ಇವರನ್ನೂ ಲಾರಿ ಹತ್ತಿಸಿಕೊಂಡು ಹೋದರು. ತನ್ನನ್ನು ಹೊತ್ತದ್ದಕ್ಕೇ ಮಗ ಸಿಕ್ಕಿಬಿದ್ದ ಎಂದು ಅತ್ತೆ ಇವತ್ತಿನವರೆಗೂ ಬಾಯಿ ಬಿಟ್ಟು ಹೇಳಿಲ್ಲ. ನಾನೂ ಕೇಳಿಲ್ಲ.

ಜಿಗೆ ಎಂದರೆ ನಿಮ್ಮ ಅಪ್ಪನ ಜಗಳ ನೆನಪಾಗುತ್ತದೆ. ಮದುವೆಯಾದ ಹೊಸದರಲ್ಲಿ ಇವರೇ ನನಗೆ ಹೇಳಿ ನಗಿಸಿದ್ದು. ನೆರೆಮನೆಯ ಗಿಡ್ಡ ಹ್ವಾಂಗ್ ಎಂಬವನು ಮಾವನವರ ಜಿಗೆಯನ್ನು ಎರವಲು ಒಯ್ದು, ತನಗೆ ಉದ್ದವಾಯಿತೆಂದು ಅದರ ಕಾಲು ಕೊಯ್ದುಬಿಟ್ಟನಂತೆ. ಮಾವನವರು ಊರುಗೋಲು ಹಿಡಿದು ಊರೆಲ್ಲ ಅಟ್ಟಿಸಿಕೊಂಡು ಹೋದರಂತೆ. "ನಾನು ಸತ್ತೆ ಅಂತ ಯಾವನೋ ನಿಂಗೆ ಹೇಳ್ದೋನು? ಬದುಕಿರೋನ ಜಿಗೆ ಕಾಲು ಕೊಯ್ತಾರೇನೋ?" ನಿಮ್ಮೂರಲ್ಲಿ ಅದು ಗಾದೆಯೇ ಆಗಿತ್ತಲ್ಲ. ಆಮೇಲೆ ಇವರು ತಮ್ಮ ಎತ್ತರಕ್ಕೆ ಹೊಸ ಜಿಗೆ ಮಾಡಿಕೊಂಡರು. ಬೆನ್ನಿಗೆ ಒತ್ತದಂತೆ ಅತ್ತೆ ಹುಲ್ಲಿನ ಮೆತ್ತೆ ಹೆಣೆದರು, ನನ್ನ ಮದುವೆಯ ಕೆಂಪು ಲಂಗದ ಅಂಚು ಹರಿದು ಅದರೊಳಗೆ ಸೇರಿಸಿದರು.

ಇಷ್ಟೆಲ್ಲ ಬರೆಯಲು ಕಾರಣವಿದೆ. ಆ ಜಿಗೆ ಕಳೆದ ತಿಂಗಳು ಪೂಸಾನಿಗೆ ಬಂತು.

ನಾನು ಸಂತೆಯಲ್ಲಿ ಗಂಜಿ ಮಾರುವುದು ನಿಮಗೆ ಗೊತ್ತು. ಅಮೆರಿಕದ ಸಿಪಾಯಿಗಳ ಅಡಿಗೆಮನೆಯಲ್ಲಿ ಮಿಕ್ಕದ್ದನ್ನು ತಂದು ಮತ್ತೆ ಕುದಿಸಿದ ಗಂಜಿ. ಅದೃಷ್ಟವಿದ್ದವರಿಗೆ ಮಾಂಸದ ಚೂರು, ಇಲ್ಲದವರಿಗೆ ಸಿಗರೇಟಿನ ತುದಿ. "ಅಮ್ಮಣ್ಣಿ, ಇವತ್ತು ನನ್ನ ಗಂಜೀಲಿ ಹಲ್ಲುಕಡ್ಡಿ ಸಿಕ್ತು" ಎಂದು ಗಿರಾಕಿಗಳು ಕಾಡುತ್ತಾರೆ. "ಅದಕ್ಕೆ ಬೇರೆ ಕಾಸು ಕೇಳಿದ್ನಾ, ಉಂಡಾದ್ಮೇಲೆ ಬೇಕಾಗತ್ತೆ ಇಟ್ಕೊಳ್ಳಿ" ಎನ್ನುತ್ತೇನೆ. ಅವತ್ತು ಮಧ್ಯಾಹ್ನ ಒಬ್ಬ ಗಿಡ್ಡ ಮನುಷ್ಯ ಕುಂಟುತ್ತ ಬಂದು ಜಿಗೆಯನ್ನು ಗೋಡೆಗೆ ಒರಗಿಸಿ ಗಂಜಿ ಕೇಳಿದ. ಸೌಟು ಎತ್ತಿದವಳಿಗೆ ಮೆತ್ತೆಯೊಳಗಿನ ಕೆಂಪು ಬಟ್ಟೆ ಕಂಡಿತು. ಬಣ್ಣ ಮಾಸಿತ್ತು. ಆದರೂ ನನ್ನ ಲಂಗ ನನಗೆ ಗೊತ್ತಾಗದೇ?

ಅವನ ಹೆಸರು ಪಾಲ್ಬೊಂಗ್. ಮೊಣಕಾಲು ಕೆಟ್ಟಿದೆಯೆಂದು ಅವನನ್ನು ಬಿಟ್ಟು ಕಳಿಸಿದ್ದಾರೆ. ಜಿಗೆ ಎಲ್ಲಿಂದ ಬಂತೆಂದು ಕೇಳಿದಾಗ ಬಟ್ಟಲಿನಿಂದ ತಲೆ ಎತ್ತಲಿಲ್ಲ. "ನಂದೇ ಅನ್ನಲ್ಲ ತಂಗಿ. ಗುಡ್ಡದ ಕೆಳಗೆ ಡೇರೆ ಹತ್ರ ರಾಶಿ ಹಾಕಿರ್ತಾರೆ, ವಾಪಸ್ ಬರ್ದೇ ಇದ್ದೋರದ್ದು. ನಂದು ಮುರೀತು, ಇದನ್ನ ತಗೊಂಡೆ." ಬರದವರು ಎಂದರೆ ಏನಾದವರು ಎಂದೆ. "ಬರ್ದೇ ಇದ್ದೋರು ಅಂದ್ರೆ ಬರ್ದೇ ಇದ್ದೋರು. ಆಸ್ಪತ್ರೆಗೆ ಹೋದೋರಿದಾರೆ, ಆ ಕಡೆಯೋರು ಹಿಡ್ಕೊಂಡು ಹೋದೋರಿದಾರೆ. ನಾನು ಯಾರನ್ನೂ ಕೇಳ್ಲಿಲ್ಲ. ಅಲ್ಲಿ ಯಾರೂ ಏನೂ ಕೇಳಲ್ಲ."

ಸಂಜೆ ಅವನನ್ನು ಮನೆಗೆ ಕರೆದುಕೊಂಡು ಬಂದು, ಅನ್ನ ಮಾಡಿ ಬಟ್ಟಲು ಮುಚ್ಚಿಟ್ಟೆ. ಮಗನಿದ್ದ ಗುಡ್ಡಗಳ ಕಡೆಯಿಂದ ಬಂದವರು ಎಂದಷ್ಟೇ ಅತ್ತೆಗೆ ಹೇಳಿದೆ, ಬಾಗಿಲ ಹೊರಗೆ ಒರಗಿಸಿದ್ದ ಜಿಗೆಯ ಮಾತೆತ್ತಲಿಲ್ಲ. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ. "ಮಕ್ಳು ಅಲ್ಲಿ ಏನ್ ತಿಂತವಪ್ಪಾ?" ಅನ್ನದುಂಡೆ ಎಂದ ಅವನು. ಕೆಳಗೆ ಬಿಸಿಯಾಗಿ ಕಟ್ಟಿದ್ದು ಮೇಲೆ ಹೊತ್ತು ತಲುಪುವಷ್ಟರಲ್ಲಿ ಕಲ್ಲಾಗಿರುತ್ತದಂತೆ. "ಸಿಪಾಯಿಗಳು ಅದನ್ನ ಕಂಕುಳಲ್ಲಿ ಇಟ್ಕೊಂಡು ಕರಗಿಸ್ಕೋತಾರೆ ತಾಯಿ. ನಮ್ಮನ್ನ ನೋಡಿದ್ ತಕ್ಷಣ ಗುಂಡು ತಂದ್ರಾ ಅಂತ ಕೇಳಲ್ಲ, ನೀರು ತಂದ್ರಾ ಅಂತಾರೆ. ಒಬ್ಬ ನನ್ನ ಮಾತಿನ ಧಾಟಿ ಕೇಳಿ, ಮಾವ ನಮ್ಮೂರ ಕಡೆಯೋರಾ ಅಂತ ಕೈ ಹಿಡ್ಕೊಂಡ, ಬಿಡ್ಲೇ ಇಲ್ಲ. ನಾನು ಅವರೂರಿನೋನಲ್ಲ. ಹೂಂ ಅಂದ್ಬಿಟ್ಟೆ." ಅವನು ಹೊತ್ತು ಮೇಲೆ ಹೋಗುತ್ತಿದ್ದದ್ದು ಗುಂಡಿನ ಪೆಟ್ಟಿಗೆ, ಕೆಳಗೆ ತರುತ್ತಿದ್ದದ್ದು ಗುಂಡು ತಗುಲಿದ ಇಂಥ ಹುಡುಗರನ್ನು.

ಅತ್ತೆ ಎದ್ದು ಗೋಡೆ ಹಿಡಿದುಕೊಂಡು ಹೊರಗೆ ಹೋದರು. ಸ್ವಲ್ಪ ಹೊತ್ತು ಬರಲಿಲ್ಲ. ಬಂದವರು ನೇರವಾಗಿ ಒಲೆಯ ಪಕ್ಕ ಕೂತು, ಕಂಬಳಿ ಬಿಚ್ಚಿ, ಮಗನ ಬಟ್ಟಲನ್ನು ತೆಗೆದು ಆ ಮನುಷ್ಯನ ಮುಂದಿಟ್ಟರು. "ಉಣ್ಣಪ್ಪ, ಇನ್ನೂ ತಣ್ಣಗಾಗಿಲ್ಲ" ಎಂದರು. ನಾನು ಹಸಿದು ಮಲಗಿದ ದಿನಗಳಲ್ಲೂ ರಾತ್ರಿ ಆ ಬಟ್ಟಲಿಗೆ ಕೈ ಹಚ್ಚಿದವಳಲ್ಲ. ಪಾಲ್ಬೊಂಗ್ ಗೋಡೆಯ ಕಡೆ ತಿರುಗಿ ಕೂತು, ಒಂದು ಅಗುಳೂ ಬಿಡದೆ ಉಂಡು, ಕೈಮುಗಿದು ಹೋದ.

ಅವನು ಹೋದ ಮೇಲೆ ಯಾಕೆ ಕೊಟ್ಟಿರಿ ಎಂದು ಕೇಳಿಯೇಬಿಟ್ಟೆ. "ನನ್ನ ಮಗಂಗೂ ಯಾರೋ ಒಬ್ಳು ಎಲ್ಲೋ ಹಿಂಗೇ ಕೊಡ್ತಿರ್ತಾಳೆ ಕಣೇ. ನಾನು ಮುಚ್ಚಿಟ್ಕೊಂಡ್ರೆ ಅವಳೂ ಮುಚ್ಚಿಟ್ಕೋತಾಳೆ" ಎಂದರು. ಮಾರನೆಯ ಸಂಜೆ ಬಟ್ಟಲು ಮತ್ತೆ ಕಂಬಳಿಯೊಳಗೆ ಹೋಯಿತು, ಚಮಚ ಪಕ್ಕದಲ್ಲಿ ಮಲಗಿತು.

ಈಗ ಹೇಳಿ, ಇಂಥ ತಾಯಿಯ ಎದುರು ನಾನು ಹೇಗೆ ಎಡೆ ಇಡಲಿ? ಪಾಲ್ಬೊಂಗನಿಗೂ ಏನೂ ಗೊತ್ತಿಲ್ಲ. ಆದ್ದರಿಂದ ಈ ಒಂಬತ್ತಕ್ಕೆ ಎಡೆ ಇಲ್ಲ. ಬೈಯುವುದಾದರೆ ನನ್ನನ್ನೇ ಬೈಯಿರಿ.

ಒಂದು ಮಾತು ಹೇಳಿ ಮುಗಿಸುತ್ತೇನೆ. ಈ ಗುಡ್ಡದಲ್ಲಿ ಗೂಡಿಗೆ ಗೂಡು ಅಂಟಿಕೊಂಡಿದೆ, ಪಕ್ಕದವರು ಸೀನಿದರೆ ನಮ್ಮ ದೀಪ ಅಲುಗುತ್ತದೆ. ಆದರೂ ನನಗೆ ಬಹಳ ಒಂಟಿತನ ಅಕ್ಕಾ. ವಿಧವೆಯರು ಒಟ್ಟಿಗೆ ಕೂತು ಅಳುತ್ತಾರೆ, ಗಂಡ ಇರುವವರು ಒಟ್ಟಿಗೆ ಕೂತು ಜಗಳ ಹೇಳಿಕೊಳ್ಳುತ್ತಾರೆ. ನಾನು ಯಾರ ಜೊತೆ ಕೂರಬೇಕೋ ತಿಳಿಯುವುದಿಲ್ಲ. ಸಂಜೆ ಬಂದರಿನಲ್ಲಿ ಹಡಗುಗಳ ದೀಪ ಹತ್ತುವಾಗ ಕಂಬಳಿ ಸುತ್ತಿದ ಬಟ್ಟಲಿಗೆ ಬೆನ್ನು ತಾಗಿಸಿ ಕೂರುತ್ತೇನೆ. ಅದು ಬೆಚ್ಚಗಿರುತ್ತದೆ.

ಚಳಿ ಶುರುವಾಗಿದೆ, ಮಕ್ಕಳಿಗೆ ಹತ್ತಿಯ ಅಂಗಿ ಹಾಕಿ.

ನಿಮ್ಮ ತಮ್ಮನ ಮನೆಯವಳು,
ಒಕ್ಬುನ್

ತಾ. ಕ.: ಇವತ್ತು ಅದೇ ತಿಂಗಳ ಹತ್ತನೇ ದಿನ. ಮೀನಿನ ಹೆಂಗಸಿಗೆ ಜ್ವರ ಬಂದು ಈ ಕಾಗದ ಇಲ್ಲೇ ಉಳಿಯಿತು. ಉಳಿದದ್ದೂ ಒಳ್ಳೆಯದೇ ಆಯಿತು, ಮೇಲೆ ಒಂದು ಸಂಗತಿಯನ್ನು ನಿಮ್ಮಿಂದ ಮುಚ್ಚಿಟ್ಟಿದ್ದೆ.

ಆ ಜಿಗೆಯ ಕಾಲು ಕೊಯ್ದಿತ್ತು ಅಕ್ಕಾ. ಎರಡೂ ಕಾಲು, ಒಂದು ಗೇಣು. ಪಾಲ್ಬೊಂಗ್ ಯಾರನ್ನೂ ಕೇಳಲಿಲ್ಲ ಎಂದ. ಒಡೆಯ ಸತ್ತನೆಂದು ಕೇಳಿ ತಿಳಿಯದೆ ಇನ್ನೊಬ್ಬರ ಜಿಗೆಯ ಕಾಲು ಕೊಯ್ಯುವವನು ನಮ್ಮ ಸೀಮೆಯಲ್ಲಿ ಎಲ್ಲಿದ್ದಾನೆ? ಅವನಿಗೆ ಗೊತ್ತಿತ್ತು. ನನ್ನ ಮುಖ ನೋಡಿ ಹೇಳಲಾರದೆ ಹೋದ. ಅತ್ತೆ ಹೊರಗೆ ಹೋದಾಗ ನಾನು ಬಾಗಿಲ ಸಂದಿಯಿಂದ ನೋಡಿದೆ. ಅವರ ಕೈ ಮೆತ್ತೆಯನ್ನು ತಡವಿತು, ತಾವೇ ಹೆಣೆದ ಹುಲ್ಲನ್ನು ಗುರುತಿಸಿತು, ಆಮೇಲೆ ಮೆಲ್ಲಗೆ ಕಾಲಿನ ಉದ್ದಕ್ಕೂ ಇಳಿದು, ಗರಗಸ ಆಡಿದ ತುದಿಗೆ ಬಂದು ಅಲ್ಲೇ ನಿಂತಿತು. ಆಮೇಲೆ ಒಳಗೆ ಬಂದು ಅವನಿಗೆ ಅನ್ನ ಕೊಟ್ಟರು.

ನಿನ್ನೆ ಮುಂಜಾನೆ ನೀರಿಗೆ ಹೋಗುತ್ತೇನೆಂದು ಹೇಳಿ ಬಟ್ಟಲನ್ನು ಲಂಗದೊಳಗೆ ಮುಚ್ಚಿಕೊಂಡು ಗುಡ್ಡದ ನೆತ್ತಿಗೆ ಹೋದೆ. ಅಲ್ಲಿ ನಮ್ಮ ಸಾಲಿನ ಹೆಂಗಸರೆಲ್ಲ ಇದ್ದರು. ಒಬ್ಬೊಬ್ಬರೂ ಒಂದೊಂದು ಕಲ್ಲಿನ ಹಿಂದೆ, ಉತ್ತರಕ್ಕೆ ಮುಖ ಮಾಡಿ, ಮುಂದೆ ಒಂದು ಬಟ್ಟಲು. ಎಲ್ಲರೂ ನೀರಿಗೆಂದು ಹೇಳಿ ಬಂದವರೇ. ಯಾರೂ ಯಾರನ್ನೂ ನೋಡಲಿಲ್ಲ. ನಾನು ಅನ್ನದಲ್ಲಿ ಚಮಚ ನಿಲ್ಲಿಸಿ, ಸಾರಾಯಿ ಎರೆದು, ಅವರ ಹೆಸರು ಬರೆದ ಚೀಟಿ ಸುಟ್ಟು, ನಮಸ್ಕಾರ ಮಾಡಿದೆ. ನೀವು ಹೇಳಿದ ಹಾಗೆಯೇ ಮಾಡಿದ್ದೇನೆ. ಇದಕ್ಕೆ ಉತ್ತರ ಬರೆಯಬೇಡಿ, ನಿಮ್ಮ ಕಾಗದವನ್ನು ಅತ್ತೆ ಈಗ ಪಕ್ಕದ ಮನೆಯವರಿಂದ ಇನ್ನೊಮ್ಮೆ ಓದಿಸುತ್ತಾರೆ.

ಸಂಜೆ ಎಂದಿನಂತೆ ಬಟ್ಟಲಿಗೆ ಅನ್ನ ಹಾಕಿ, ಚಮಚವನ್ನು ಮಲಗಿಸಿ, ಕಂಬಳಿ ಸುತ್ತುತ್ತಿದ್ದೆ. "ಬೆಳಿಗ್ಗೆ ಗುಡ್ಡದ ಮೇಲೆ ಚಳಿ ಇತ್ತಾ ಮಗಾ?" ಎಂದು ಅತ್ತೆ ಕೇಳಿದರು. ನನಗೆ ಸುಳ್ಳು ಹೇಳಲಾಗಲಿಲ್ಲ. ಇತ್ತು ಎಂದೆ. "ಹಂಗಾದ್ರೆ ಇನ್ನೊಂದು ಸೌಟು ಬಿಸೀದು ಹಾಕು. ಅವ್ನು ಅಲ್ಲಿ ಉಂಡಿದ್ದು ತಣ್ಣಗಿತ್ತೇನೋ" ಎಂದರು.

ಹಾಕಿದೆ.