ಬೇಕಂತಲೇ ಸೋತದ್ದು

ಫೆಬ್ರವರಿ ೯, ಭಾನುವಾರ ಬೆಳಿಗ್ಗೆ

ಪ್ರೀತಿಯ ಸಣ್ಣಿ,

ನಿನ್ನ ಪತ್ರ ಬಂದು ಮೂರು ವಾರವಾಯಿತು. ಕೈನೋವೆಂದು ನೆಪ ಹೇಳಬಹುದಿತ್ತು, ಆದರೆ ಅದೇ ಕೈಯಲ್ಲಿ ದಿನಾ ಪದಬಂಧ ಬಿಡಿಸುತ್ತೇನೆಂದು ನಿಮ್ಮಪ್ಪ ನಿನಗೆ ಚಾಡಿ ಹೇಳಿಬಿಡುತ್ತಾರೆ. ಸೋಮಾರಿತನ, ಅಷ್ಟೇ. ನಾವಿಬ್ಬರೂ ಚೆನ್ನಾಗಿದ್ದೇವೆ. ಅಪ್ಪ ಅಡುಗೆಮನೆಯ ನಲ್ಲಿ ರಿಪೇರಿ ಮಾಡಿದರು. ಮೊದಲು ತೊಟ್ಟಿಕ್ಕುತ್ತಿತ್ತು, ಈಗ ಧಾರಾಳವಾಗಿ ಸುರಿಯುತ್ತಿದೆ.

ನಿನ್ನೆಯಿಂದ ನಿನ್ನ ಅಕ್ಕನ ಮನೆಯಲ್ಲಿ ದೊಡ್ಡ ರಂಪ. ಅವಳ ಮಗಳು, ನಮ್ಮ ಚೂಟಿ, ಶಾಲೆಗಳ ನಡುವಿನ ಚರ್ಚಾಸ್ಪರ್ಧೆಯಲ್ಲಿ ಸೆಮಿಫೈನಲ್‌ವರೆಗೆ ಬಂದಿದ್ದಳು. ಎದುರಾಳಿಯೂ ಅವಳ ಶಾಲೆಯವಳೇ, ಎರಡು ತರಗತಿ ಮುಂದಿರುವ ಕನ್ನಡಕದ ಹುಡುಗಿ. ನಿವೃತ್ತ ಲೈಬ್ರೇರಿಯನ್ ಎಂಬ ಮರ್ಯಾದೆಗೆ ಸಮಯ ನೋಡಿ ಗಂಟೆ ಬಾರಿಸುವ ಕೆಲಸ ನನಗೆ ಸಿಕ್ಕಿತ್ತು. ಮೊಮ್ಮಗಳಿಗೆ ಒಂದು ಸೆಕೆಂಡೂ ಹೆಚ್ಚು ಕೊಟ್ಟೆನೆಂಬ ಮಾತು ಬರಬಾರದೆಂದು ಗಡಿಯಾರವನ್ನೇ ದುರುಗುಟ್ಟಿಕೊಂಡು ಕೂತಿದ್ದೆ.

ವಿಷಯ, ಹೋಮ್‌ವರ್ಕ್ ಬೇಕೇ ಬೇಡವೇ. ಚೂಟಿ ಅರಳು ಹುರಿದಂತೆ ಮಾತಾಡಿದಳು. ಇನ್ನೂ ಐವತ್ತು ಸೆಕೆಂಡ್ ಬಾಕಿ ಇರುವಾಗ ಇದ್ದಕ್ಕಿದ್ದಂತೆ ಬಾಯಿ ಮುಚ್ಚಿ ಕೂತುಬಿಟ್ಟಳು. ಕನ್ನಡಕದವಳು ಗೆದ್ದಳು.

ಆ ಶಾಲೆಯಲ್ಲಿ ಒಂದು ಪದ್ಧತಿ ಇದೆಯಂತೆ, ನನಗೆ ಆಮೇಲೆ ತಿಳಿಯಿತು. ತಮ್ಮವರೇ ಇಬ್ಬರು ಎದುರಾದರೆ ಯಾರು ಫೈನಲ್‌ಗೆ ಹೋಗಬೇಕೆಂದು ತರಬೇತಿಯ ಮೇಷ್ಟರು ಮೊದಲೇ ತೀರ್ಮಾನಿಸುತ್ತಾರೆ. ಸೋಲಬೇಕಾದವರು ಗಟ್ಟಿ ವಾದವನ್ನು ಕೊನೆಗೆ ಇಟ್ಟುಕೊಂಡು, ಅದನ್ನು ಹೇಳದೆ ಕೂರಬೇಕು. "ಅವಳಿಗಿದು ಕೊನೇ ವರ್ಷ, ಕಾಲೇಜು ಸೀಟಿಗೆ ಸರ್ಟಿಫಿಕೇಟ್ ಬೇಕು. ನಿನಗೆ ಮುಂದಿನ ವರ್ಷ ಇದ್ದೇ ಇದೆಯಲ್ಲ" ಎಂದು ಚೂಟಿಗೆ ಹೇಳಿದ್ದರಂತೆ.

ಫಲಿತಾಂಶ ಓದಿದ ಮೇಲೆ ಚೂಟಿ ಸೀದಾ ತೀರ್ಪುಗಾರರ ಮೇಜಿಗೆ ಹೋದಳು. "ನಾನು ಬೇಕಂತಲೇ ಸೋತೆ. ಸರ್ ಹೇಳಿದ್ರು, ನಾನೂ ಹೂಂ ಅಂದೆ. ತಪ್ಪು ನನ್ನದೂ ಇದೆ" ಎಂದಳು. ಅವರು ಇಬ್ಬರನ್ನೂ ಸ್ಪರ್ಧೆಯಿಂದ ಹೊರಗಿಟ್ಟರು.

ಹೊರಗೆ ಕಾರಿಡಾರಿನಲ್ಲಿ ಮೇಷ್ಟರು ಕೂಗಾಡಿದರು. "ಒಬ್ಬಳಿಗೆ ಉಪಕಾರ ಆಗಲಿ ಅಂತ ಮಾಡಿದ್ದು. ಇದರಲ್ಲಿ ಮೋಸ ಏನು ಬಂತು?" ಅವರೇನೂ ಕೆಟ್ಟವರಲ್ಲ, ರಜೆಯ ದಿನವನ್ನೂ ಈ ಮಕ್ಕಳಿಗೇ ಕೊಡುತ್ತಾರೆ. ಆದರೆ ಕನ್ನಡಕದ ಹುಡುಗಿ ಅಳುತ್ತಲೇ ಕೇಳಿದಳು: "ನನ್ನನ್ನ ಯಾರಾದ್ರೂ ಕೇಳಿದ್ರಾ ಸರ್? ನಾನು ನಿಜವಾಗ್ಲೇ ಗೆಲ್ತಿದ್ನೋ ಏನೋ. ಇನ್ನು ಅದು ನನಗೆ ಯಾವತ್ತೂ ಗೊತ್ತಾಗಲ್ಲ." ನಾನು ಗಂಟೆ ಒಪ್ಪಿಸಿ ಬರಲು ಒಳಗೆ ಹೋದೆ.

ಸಂಜೆ ನಿನ್ನ ಅಕ್ಕ ಕೆಂಡಾಮಂಡಲವಾಗಿದ್ದಳು. ಮಗಳನ್ನು ಕಪಾಟಿನ ಮುಂದೆ ನಿಲ್ಲಿಸಿ, ತಾನು ಶಾಲೆಯಲ್ಲಿ ಗೆದ್ದ ಚರ್ಚಾಸ್ಪರ್ಧೆಯ ಕಪ್ ತೋರಿಸಿದಳು. "ಇದನ್ನ ಯಾರಾದ್ರೂ ಬಿಟ್ಟುಕೊಟ್ಟು ನನಗೆ ಬಂದಿದ್ರೆ ಅವತ್ತೇ ಕಸಕ್ಕೆ ಹಾಕ್ತಿದ್ದೆ. ಬೇಕಾದ್ರೆ ಅಜ್ಜೀನ ಕೇಳು" ಎಂದಳು. ಅಜ್ಜಿ "ಹೌದು, ಹೌದು" ಎಂದಳು.

ಮೇಷ್ಟರು ತಪ್ಪು ತಮ್ಮದೆಂದು ಪ್ರಾಂಶುಪಾಲರಿಗೆ ಬರೆದುಕೊಟ್ಟಿದ್ದಾರಂತೆ. ಆ ಹುಡುಗಿಯ ಸೀಟಿನ ಗತಿ ಏನೋ ಗೊತ್ತಿಲ್ಲ.

ಲ್ಯಾಬಿನಲ್ಲಿ ಇಡೀ ದಿನ ನಿಂತೇ ಇರಬೇಡ, ಆಗಾಗ ಕೂರು. ಬರೀ ಬ್ರೆಡ್ಡಿನಲ್ಲಿ ದಿನ ದೂಡಬೇಡ. ಎಲ್ಲಿದ್ದರೂ ತಣ್ಣಗಿರು ಕಂದ, ನನ್ನ ಆಯಸ್ಸೂ ನಿನಗಿರಲಿ.

ನಿನ್ನ
ಅಮ್ಮ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಅಕ್ಕ ಆ ಕಪ್ ಗೆದ್ದಾಗ ಫೈನಲ್‌ನಲ್ಲಿ ಅವಳ ಎದುರಿಗಿದ್ದವಳು ನೀನು. ಅಂದು ಬೆಳಿಗ್ಗೆ ನಿನಗೆ ಜಡೆ ಹಾಕುತ್ತಾ, "ಅಕ್ಕನಿಗಿದು ಕೊನೇ ವರ್ಷ, ನೀನು ಬಿಟ್ಟುಕೊಡು" ಎಂದವಳು ನಾನು. ನಿನಗಾಗ ಹದಿಮೂರು. ನೀನು ಅರ್ಧಕ್ಕೇ ನಿಲ್ಲಿಸಿ ಕೂತೆ. ಅಷ್ಟು ಸಾಲದೆಂದು, ಕೇಳಿದವರಿಗೆಲ್ಲ "ಸಣ್ಣವಳಿಗೆ ಸಭಾಕಂಪನ, ಮರೆತೇ ಹೋಯ್ತು" ಎಂದು ನಗುತ್ತಾ ಹೇಳಿದೆ. ನೀನು ಪಕ್ಕದಲ್ಲೇ ನಿಂತಿದ್ದೆ.

ಆಮೇಲೆ ನೀನು ವೇದಿಕೆ ಹತ್ತಲಿಲ್ಲ. ನನ್ನೊಂದಿಗೂ ಒಂದು ದಿನವೂ ವಾದ ಮಾಡಲಿಲ್ಲ. ನಾನು ಏನೇ ಹೇಳಿದರೂ "ಆಯ್ತಮ್ಮ". ಎರಡನೆಯವಳು ಎಷ್ಟು ಸಾಧು ಎಂದು ಇಪ್ಪತ್ತೆರಡು ವರ್ಷ ಊರಿಗೆಲ್ಲ ಹೇಳಿಕೊಂಡು ಬಂದೆ. ನಿನ್ನೆ ಚೂಟಿ ಆ ಮೇಜಿನ ಮುಂದೆ ನಿಂತಾಗ ನನಗೆ ನೀನು ಕಂಡೆ.

ಅಕ್ಕನಿಗೆ ಇದನ್ನು ಹೇಳಲೋ ಬೇಡವೋ, ನೀನು ತಿಳಿಸು. ನಿಮ್ಮಿಬ್ಬರ ಪರವಾಗಿ ನಾನು ಒಮ್ಮೆ ತೀರ್ಮಾನ ಮಾಡಿದ್ದೇ ಸಾಕು. ಸಿಟ್ಟಿದ್ದರೆ ಸಿಟ್ಟಿನಲ್ಲೇ ಬರಿ, ಬೈದು ಬರಿ. "ಆಯ್ತಮ್ಮ" ಎಂದು ಮಾತ್ರ ಬರೆಯಬೇಡ.