ಅನುಮತಿಗಾಗಿ ಮೂರು ದಿನ ಕಾದವನು

ಮಂಜುಳ ತಾಯಿ,

ರಾಯದುರ್ಗದಿಂದ ಚಂದ್ರಶೇಖರಯ್ಯ ಬರೆಯುತ್ತಿದ್ದೇನೆ. ಒಂದು ಕಾಲಕ್ಕೆ ನಿನ್ನ ಟೈಪಿಂಗ್ ಮೇಷ್ಟ್ರು, ಈಗ ನಿನ್ನ ಕೈಕೆಳಗಿನ ದಡ್ಡ ವಿದ್ಯಾರ್ಥಿ. ಪ್ರತಿ ಭಾನುವಾರ ಫೋನಿನಲ್ಲಿ ಮಾತಾಡುವವರ ಮಧ್ಯೆ ಈ ಕಾಗದ ಯಾಕೆ ಎಂದು ನಿನಗೆ ಅನ್ನಿಸುತ್ತದೆ. ಇಪ್ಪತ್ನಾಲ್ಕು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡ ಒಂದು ಮಾತಿದೆ. ಫೋನಿನಲ್ಲಿ ಮೂರು ಸಲ ಶುರು ಮಾಡಿದೆ, ಮೂರು ಸಲವೂ ನಿಮ್ಮ ಕಡೆ ಮಳೆ ಬಂತೇ ಎಂದು ಕೇಳಿ ಇಟ್ಟುಬಿಟ್ಟೆ. ಇದನ್ನು ಓದಿದ ಮೇಲೆ ನೀನು ನನಗೆ ಪಾಠ ಹೇಳುವುದನ್ನು ನಿಲ್ಲಿಸಬಹುದು. ನಿಲ್ಲಿಸಿದರೆ ನನ್ನ ಕೆಲಸವೂ ನಿಂತೀತು ಎಂದು ನಿನಗೆ ಗೊತ್ತು. ಎಡಗಣ್ಣು ಪೂರ್ತಿ ಹೋಗಿದೆ, ಬಲಗಣ್ಣು ಹನಿಔಷಧದ ಮೇಲೆ ಇನ್ನೊಂದೆರಡು ವರ್ಷ ನಡೆದೀತು ಎಂದು ಡಾಕ್ಟರು ಹೇಳಿದ್ದಾರೆ. ಆದರೂ ಬರೆಯಲೇಬೇಕು.

ಹೋದ ಮಾಘದಲ್ಲಿ ನಿನ್ನ ಚಿಕ್ಕಮ್ಮನ ಮನೆಯ ಮದುವೆಗೆಂದು ಬಂದವಳು ತಹಸೀಲ್ದಾರರ ಎಂಆರ್‌ಒ ಆಫೀಸಿನ ಎದುರಿನ ನನ್ನ ಡಬ್ಬಾ ಅಂಗಡಿಯ ಮುಂದೆ ನಿಂತುಬಿಟ್ಟೆ. ನಾನು ಪರದೆಗೆ ಮೂಗು ತಾಗಿಸಿಕೊಂಡು ಯಾರದೋ ಪಹಣಿ ತಿದ್ದುಪಡಿಯ ಅರ್ಜಿ ಹೊಡೆಯುತ್ತಿದ್ದೆ. ಟೈಪಿಂಗ್ ಇನ್‌ಸ್ಟಿಟ್ಯೂಟ್ ಮುಚ್ಚಿದಾಗಿನಿಂದ ನನ್ನದು ಇದೇ ಉದ್ಯೋಗ. ಜನ ಬಂದು ಕನ್ನಡದಲ್ಲಿ ಅಳುತ್ತಾರೆ, ನಾನು ಅದನ್ನು ಆಂಧ್ರ ಸರ್ಕಾರಕ್ಕೆ ತಿಳಿಯುವ ತೆಲುಗಿನಲ್ಲಿ ಅರ್ಜಿ ಮಾಡುತ್ತೇನೆ. ಕಂಪ್ಯೂಟರು ಒಂದು ಅಕ್ಷರ ಮೂಡಿಸುವಷ್ಟರಲ್ಲಿ ಒಂದು ಬೀಡಿ ಸೇದಿ ಮುಗಿಸಬಹುದಿತ್ತು. "ಸಾ, ನಾನು ಮಂಜುಳ, ಗುಡಿಬಂಡೆ ಮಂಜುಳ. ನಿಮ್ಮತ್ರ ಟೈಪಿಂಗಿಗೆ ಬತ್ತಿದ್ದೆ" ಎಂದೆ. ನಿನ್ನ ಮುಖ ಕಾಣದಿದ್ದರೂ ದನಿ ಕೇಳಿದ ತಕ್ಷಣ ನನ್ನ ಎದೆ ಧಸಕ್ ಎಂದಿತು. ಯಾಕೆ ಎಂದು ಮುಂದೆ ಹೇಳುತ್ತೇನೆ.

ನೀನಾದರೋ ಮದುವೆಯ ಸೀರೆಯಲ್ಲೇ ಕೂತು, ಚೀಲದಿಂದ ಪೆನ್ ಡ್ರೈವ್ ತೆಗೆದು, ನನ್ನ ಕಡತಗಳನ್ನೆಲ್ಲ ಜೋಪಾನ ಮಾಡಿ, ಆ ಹಳೇ ಕಂಪ್ಯೂಟರ್ ಡಬ್ಬಕ್ಕೆ ಲಿನಕ್ಸ್ ಎಂಬ ತಂತ್ರಾಂಶ ಹಾಕಿದೆ. ಅಮರಾಪುರದ ನಿನ್ನ ಶಾಲೆಯಲ್ಲಿ ಮಕ್ಕಳಿಗೆ ಕಲಿಸುವುದೂ ಇದನ್ನೇ ಎಂದೆ. "ಇದು ಯಾರೊಬ್ರ ಸೊತ್ತೂ ಅಲ್ಲ ಸಾ. ಯಾರ್ ಬೇಕಾರೂ ಬಿಚ್ಚಿ ನೋಡ್ಬೋದು, ಸರಿ ಮಾಡ್ಬೋದು, ಇನ್ನೊಬ್ರಿಗೆ ಕೊಡ್ಬೋದು" ಎಂದಾಗ ನಾನು ನಂಬಲಿಲ್ಲ. ಜಗತ್ತಿನಲ್ಲಿ ಪುಕ್ಕಟೆ ಸಿಗುವುದು ಉಪದೇಶ ಒಂದೇ ಎಂದು ತಿಳಿದಿದ್ದವನು ನಾನು. ಆಮೇಲೆ ನೀನು ಆ ದೊಡ್ಡ ಮಾತು ಹೇಳಿದೆ. ಇದರಲ್ಲಿ ಓದಿ ಹೇಳುವ ಒಂದು ದನಿ ಇದೆ, ಕನ್ನಡವನ್ನೂ ಓದುತ್ತದೆ, ತೆಲುಗನ್ನೂ ಓದುತ್ತದೆ, ಕಣ್ಣು ಪೂರಾ ಹೋದರೂ ನೀವು ಅರ್ಜಿ ಹೊಡೆಯಬಹುದು. ಆ ದಿನ ಮನೆಗೆ ಹೋಗಿ ನಾನು ಎರಡು ರೊಟ್ಟಿ ಹೆಚ್ಚು ತಿಂದೆ ಎಂದು ನನ್ನಾಕೆ ಅಂಬಮ್ಮ ಇವತ್ತಿಗೂ ಹೇಳುತ್ತಾಳೆ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಬಗ್ಗುತ್ತದೆ, ಆದರೆ ಲಟಲಟ ಎಂದು ಸದ್ದು ಮಾಡುತ್ತದೆ. ಭಾನುವಾರದ ಫೋನಿನಲ್ಲಿ ನೀನು, ಕಡತಗಳ ಯಾವ ಕೋಣೆಯಲ್ಲಿದ್ದೇನೆ, ಆ ಕೋಣೆಯಲ್ಲಿ ಏನೇನಿದೆ, ಪಕ್ಕದ ಕೋಣೆಗೆ ಹೋಗುವುದು ಹೇಗೆ ಎಂದು ಎರಡು ಮೂರು ಅಕ್ಷರ ಹೊಡೆದು ಕೇಳುವುದನ್ನು ಕಲಿಸಿದೆ. ಮೌಸ್ ಹಿಡಿದು ಪರದೆಯ ಮೇಲೆ ಇರುವೆಯಂಥ ಬಾಣ ಹುಡುಕುವ ಕಷ್ಟ ತಪ್ಪಿತು, ಎಲ್ಲಾ ಕೀಲಿಗಳ ಮೇಲೆಯೇ. ದೊಡ್ಡಕ್ಷರ ಬೇರೆ, ಸಣ್ಣಕ್ಷರ ಬೇರೆ ಎಂದು ಅದು ಹಟ ಹಿಡಿಯುವುದನ್ನು ಕಂಡು ನನಗೆ ಖುಷಿಯೇ ಆಯಿತು. ಇದೂ ನನ್ನ ಜಾತಿಯ ಮೇಷ್ಟ್ರೇ ಅಂದುಕೊಂಡೆ. ಅಳಿಸಿದ್ದು ತಿಪ್ಪೆಯಲ್ಲೂ ಸಿಗುವುದಿಲ್ಲ, ಹುಷಾರು ಎಂದು ನೀನು ಹೇಳಿದ ಮೇಲೂ ಸಣ್ಣಬಸಪ್ಪನ ಪಿಂಚಣಿ ಅರ್ಜಿಯನ್ನು ಅಳಿಸಿ ಕೂತೆ. ನೀನು ಬೈಯಲಿಲ್ಲ. "ಆಗ್ತೈತೆ ಸಾ, ಎಲ್ರೂ ಒಂದ್ಸಲ ಅಳಿಸ್ತಾರೆ" ಎಂದೆ. ನಿನ್ನ ಜಾಗದಲ್ಲಿ ನಾನಿದ್ದಿದ್ದರೆ ರೂಲುದೊಣ್ಣೆ ಕೈಗೆ ಬರುತ್ತಿತ್ತು.

ಓದುವ ದನಿಯನ್ನು ಹಾಕಿಕೊಳ್ಳುವ ಪಾಠ ಬಂತು. ನೀನು ಹೇಳಿದ ಸಾಲನ್ನು ನೋಟ್‌ಬುಕ್ಕಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಂಡೆ. ಬರೆಯುವ ಆತುರದಲ್ಲಿ ಮೊದಲ ಪದವನ್ನೇ ಬಿಟ್ಟಿದ್ದೆ. ಸೋಮವಾರ ಅಂಗಡಿ ತೆರೆದು ಹೊಡೆದರೆ 'ಪರ್ಮಿಷನ್ ಡಿನೈಡ್' ಎಂದು ಬಂತು. ಬೇರೆ ಯಾರಾದರೂ ಆಗಿದ್ದರೆ ತಕ್ಷಣ ನಿನಗೆ ಫೋನ್ ಮಾಡುತ್ತಿದ್ದರು. ನಾನು ಇಪ್ಪತ್ತು ವರ್ಷ ಆಫೀಸಿನ ಬಾಗಿಲು ಕಾದವನಮ್ಮಾ. ಅನುಮತಿ ಇಲ್ಲ ಎಂದರೆ ವಾದ ಮಾಡಬಾರದು, ಕೈ ಮುಗಿದು ಹಿಂದಕ್ಕೆ ಬರಬೇಕು, ಮರುದಿನ ಸಾಹೇಬರ ಚಹಾ ಆದ ಮೇಲೆ ಹೋಗಬೇಕು. ಮಂಗಳವಾರ ಹನ್ನೊಂದೂವರೆಗೆ ಹೊಡೆದೆ. ಡಿನೈಡ್. ಬುಧವಾರ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಹೋಗಿ ಹೊಡೆದೆ. ಮತ್ತೆ ಡಿನೈಡ್. ಅರ್ಜಿಗೆಂದು ಬಂದ ಶಂಕ್ರಮ್ಮ "ಯಾಕ್ರಿ ಅಯ್ನೋರೆ, ಮಾರಿ ಸಣ್ಣ ಮಾಡ್ಕಂಡೀರಿ?" ಎಂದು ಕೇಳಿದಳು. ಮೇಲಿನಿಂದ ಆರ್ಡರು ಬಂದಿಲ್ಲ ಕಣಮ್ಮ ಎಂದೆ.

ಸಂಜೆ ಫೋನ್ ಮಾಡಿದಾಗ ನೀನು ನಕ್ಕದ್ದು ಇನ್ನೂ ಕಿವಿಯಲ್ಲಿದೆ. "ಅಯ್ಯೋ ಸಾ! ಮಿಷಿನ್ ನಿಮ್ದು, ಮನೆ ನಿಮ್ದು, ಇನ್ಯಾರ್ನ ಕೇಳ್ತಿದ್ರಿ ಮೂರು ದಿನದಿಂದ? ಪರ್ಮಿಷನ್ ಕೊಡಬೇಕಾದೋರೇ ನೀವು!" ಬಿಟ್ಟುಹೋದ 'ಸುಡೊ' ಎಂಬ ಪದ, ಅಂದರೆ ಯಜಮಾನನ ಅಪ್ಪಣೆ, ಸೇರಿಸಿ ಹೊಡೆಸಿದೆ. ಪಾಸ್‌ವರ್ಡ್ ಕೇಳಿತು. ಹೊಡೆದರೆ ಪರದೆಯ ಮೇಲೆ ಒಂದು ಚುಕ್ಕೆಯೂ ಇಲ್ಲ. ಕೀಬೋರ್ಡ್ ಸತ್ತಿತು ಅಂದುಕೊಂಡೆ, ಇಲ್ಲವಾದರೆ ನನ್ನ ಬಲಗಣ್ಣೂ ಇವತ್ತೇ ಹೋಯಿತು ಎಂದು ಹೆದರಿದೆ. "ಕಾಣ್ಸಲ್ಲ ಸಾ, ಯಾರಿಗೂ ಕಾಣ್ಸಲ್ಲ. ಬೆರಳ್ನ ನಂಬಿ ಹೊಡೀರಿ. ನೀವೇ ಅಲ್ವಾ ನಮಗೆ ಹಂಗೆ ಕಲ್ಸಿದ್ದು?" ಎಂದೆ. ಹೊಡೆದೆ. ಒಂದೇ ಏಟಿಗೆ ಒಪ್ಪಿಕೊಂಡಿತು. ಅಕ್ಷರಗಳು ಸರಸರ ಇಳಿದವು. ಸ್ವಲ್ಪ ಹೊತ್ತಿಗೆ ನೆಗಡಿಯಾದವನಂಥ ಒಂದು ಗಂಟಲು 'ನಮಸ್ಕಾರ' ಎಂದು ಓದಿತು. ನನ್ನ ಕಣ್ಣಲ್ಲಿ ನೀರು ಬಂತು ಎಂದು ಫೋನಿನಲ್ಲೇ ಹೇಳಿದೆ. ಸಂತೋಷಕ್ಕೆ ಎಂದು ನೀನು ತಿಳಿದೆ.

ಸಂತೋಷ ಅರ್ಧ ಮಾತ್ರ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಗಿತ್ತು ನನಗೆ. ಪರ್ಮಿಷನ್ ಕೊಡಬೇಕಾದೋರೇ ನೀವು ಎಂದು ನೀನು ನಗುತ್ತಾ ಅಂದ ಮಾತು ನೇರ ಎದೆಗೆ ಬಂದು ಕೂತಿತು.

ಆಗ ಇನ್‌ಸ್ಟಿಟ್ಯೂಟಿನಲ್ಲಿ, ನೋಡದೆ ಹೊಡೆಯುವುದನ್ನು ಕಲಿಯಲಿ ಎಂದು, ಟೈಪ್‌ರೈಟರಿನ ಕೀಲಿಗಳ ಮೇಲೆ ಟವೆಲ್ ಹೊದಿಸಿ ಅದರ ಕೆಳಗೆ ನಿಮ್ಮೆಲ್ಲರ ಕೈ ಇಡಿಸುತ್ತಿದ್ದೆ. ಒಂದು ದಿನ ನೀನು ಕಿರುಬೆರಳಿನಿಂದ ಟವೆಲಿನ ಅಂಚು ಎತ್ತಿ ನೋಡಿದೆ. ನಿನಗಾಗ ಹದಿನೇಳು. ನನಗೆ ಪಿತ್ತ ನೆತ್ತಿಗೇರಿತು. "ಕದ್ದು ನೋಡೋ ಕೈಗೆ ಈ ವಿದ್ಯಾ ಹತ್ತಂಗಿಲ್ಲ. ನಾಳಿಂದ ಬರಬ್ಯಾಡ" ಎಂದೆ, ಹನ್ನೆರಡು ಮಂದಿಯ ಎದುರಿಗೆ. ನೀನು ಟವೆಲನ್ನು ನಾಲ್ಕು ಮಡಿಕೆ ಮಾಡಿ ಮಿಷಿನ್ನಿನ ಮೇಲಿಟ್ಟು ಹೋದೆ. ಇಷ್ಟು ನಿನಗೂ ನೆನಪಿದೆ. ಮುಂದಿನದು ಗೊತ್ತಿಲ್ಲ.

ಹತ್ತು ದಿನಕ್ಕೆ ನಿನ್ನ ಟೈಪಿಂಗ್ ಲೋಯರ್ ಪರೀಕ್ಷೆಯ ಹಾಲ್ ಟಿಕೆಟ್ ಬಂತು. ನನ್ನ ಇನ್‌ಸ್ಟಿಟ್ಯೂಟಿಗೇ ಬಂತು, ನನ್ನ ಕೈಗೇ ಬಂತು. ಎರಡು ಜಡೆಯ ನಿನ್ನ ಫೋಟೋ ಇತ್ತು. ಪರೀಕ್ಷೆಗೆ ಇನ್ನೂ ಹದಿನೈದು ದಿನವಿತ್ತು. ಗುಡಿಬಂಡೆಗೆ ಒಂದು ಕಾರ್ಡು ಹಾಕಿದ್ದರೆ, ಪೇಟೆಯಲ್ಲೇ ಇದ್ದ ನಿನ್ನ ಚಿಕ್ಕಮ್ಮನಿಗೆ ಹೇಳಿ ಕಳಿಸಿದ್ದರೆ ಸಾಕಿತ್ತು. "ಒಂದ್ ಕಾರ್ಡ್ ಬರದ್ರ ನಿಮ್ ಕೈ ಸವದು ಹೋಗ್ತಾವೇನ್ರಿ?" ಎಂದು ಅಂಬಮ್ಮ ಎರಡು ಸಲ ಅಂದಳು. ಹೇಳದೆ ಕೇಳದೆ ಹೋದವಳಿಗೆ ನಾನ್ಯಾಕೆ ಬರೆಯಲಿ ಎಂದು ಬೀಗಿ ಕೂತೆ. ಬರಬೇಡ ಎಂದವನೂ ನಾನೇ, ಹೇಳದೆ ಹೋದಳು ಎಂದು ಸಿಟ್ಟಾದವನೂ ನಾನೇ. ಪರೀಕ್ಷೆ ಮುಗಿದುಹೋಯಿತು. ಆಮೇಲೆ ನಾಚಿಕೆ ಹಿಡಿಯಿತು, ನಾಚಿಕೆ ಬಾಯಿ ಹೊಲಿಯಿತು.

ಮಾಘದಲ್ಲಿ ನನ್ನ ಅಂಗಡಿಯಲ್ಲಿ ಕೂತು ನೀನು ಏನಂದೆ, ನೆನಪಿದೆಯಾ? "ಅವಾಗ ನೀವು ನನ್ನ ಹೆಸ್ರೇ ಕಳಿಸಿರಲಿಲ್ವೇನೋ ಸಾ, ಬಿಡಿ. ಟೈಪಿಸ್ಟ್ ಕೆಲ್ಸಕ್ಕೆ ಕರೆದಾಗ ಲೋಯರ್ ಇಲ್ದೆ ಹೋಯ್ತು. ಎರಡು ವರ್ಷ ಕಡ್ಲೇಕಾಯಿ ಬಿಡಿಸಿದೆ, ಆಮೇಲೆ ಕಂಪ್ಯೂಟರ್ ಕಲ್ತೆ." ನಗುತ್ತಲೇ ಹೇಳಿದೆ. ಹೆಸರು ಕಳಿಸಿದ್ದೆ ತಾಯಿ, ಹಾಲ್ ಟಿಕೆಟ್ ಬಂದಿತ್ತು, ನಾನು ಮುಚ್ಚಿಟ್ಟೆ. ಆ ಎರಡು ವರ್ಷ ನನ್ನ ಲೆಕ್ಕದ್ದು. ತಪ್ಪಾಯಿತು. ಈ ಲಕೋಟೆಯಲ್ಲಿ ಅದನ್ನೂ ಇಟ್ಟಿದ್ದೇನೆ, ನಿನ್ನ ಫೋಟೋ ಮಾಸಿಲ್ಲ.

ಇನ್ನೂ ಮೂರು ಪಾಠ ಬಾಕಿ ಇವೆ. ಅವು ಮುಗಿದ ಮೇಲೆ ಹೇಳೋಣ ಎಂದು ಒಳಗಿನ ಮುದುಕ ಹೇಳುತ್ತಿದ್ದ. ಕೆಲಸ ಪೂರೈಸಿಕೊಂಡು ತಪ್ಪು ಒಪ್ಪಿಕೊಳ್ಳುವುದು ಇನ್ನೊಂದು ಕಳ್ಳತನ ಆಗುತ್ತಿತ್ತು. ಅದಕ್ಕೇ ಈಗಲೇ ಬರೆದೆ. ಊರವರಿಗೆಲ್ಲ ಅರ್ಜಿ ಬರೆದುಕೊಟ್ಟೆ, ನನ್ನ ಪರವಾಗಿ ಬರೆದದ್ದು ಇದೊಂದೇ. ಆ ನೆಗಡಿ ಗಂಟಲಿನವನು ಇದನ್ನು ಎರಡು ಸಲ ಓದಿ ಹೇಳಿದ್ದಾನೆ. ಎರಡನೆಯ ಸಲ ಅಂಬಮ್ಮನೂ ಪಕ್ಕದಲ್ಲಿ ಕೂತು ಕೇಳಿದಳು. ಮುಗಿದ ಮೇಲೆ ಎದ್ದು ಹೋಗಿ ಲಕೋಟೆಯನ್ನೂ ಅಂಟನ್ನೂ ತಂದಿಟ್ಟಳು.

ಒಂದೇ ಒಂದು ಕೇಳಿಕೊಳ್ಳುತ್ತೇನೆ. ಪಾಪ, ಕಣ್ಣು ಹೋಗುವ ಮುದುಕ ಎಂದು ಕನಿಕರಪಟ್ಟು ಫೋನ್ ಮಾಡಬೇಡ. ಸಿಟ್ಟು ಬಂದರೆ ಸಿಟ್ಟು ಮಾಡಲಿಕ್ಕೆ ಮಾಡು, ಎಷ್ಟು ಹೊತ್ತಾದರೂ ಕೇಳುತ್ತೇನೆ. ಹದಿನೇಳರ ಹುಡುಗಿಗೆ ನನ್ನೆದುರು ಬಾಯಿ ತೆರೆಯಲು ನಾನು ಬಿಟ್ಟಿರಲಿಲ್ಲ.

ನಿನ್ನ ಕೈಯಲ್ಲಿ ಕಲಿತ ಮಕ್ಕಳು ನಿನ್ನ ಹೆಸರನ್ನು ಹೆದರಿಕೆಯಿಲ್ಲದೆ ನೆನೆಯಲಿ. ನಿನ್ನ ಮನೆ ತಣ್ಣಗಿರಲಿ.

ಇಂತಿ,
ನಿನ್ನಿಂದ ಕಲಿಯುತ್ತಿರುವ
ಚಂದ್ರಶೇಖರಯ್ಯ